ಮುಕೇಶ ಪೆರೋಲ್ ಮೇಲೆ ಬಂದಿದ್ದ

ಶಕ್ತಿನಗರ, ಮಂಗಳೂರು
೧೮ ನವೆಂಬರ್ ೨೦೨೪

ಪ್ರೀತಿಯ ಮಗಳು ದೀಕ್ಷಿತಾಳಿಗೆ ಅಮ್ಮನ ಆಶೀರ್ವಾದಗಳು.

ಮಸ್ಕತ್ತಿನಲ್ಲಿ ಆರೋಗ್ಯವಾಗಿದ್ದೀ ಎಂದುಕೊಂಡಿದ್ದೇನೆ. ಫೋನಿನಲ್ಲಿ ನಿನ್ನ ಅಣ್ಣನ ಹೆಸರೆತ್ತಿದರೆ ಕಟ್ ಮಾಡಿಬಿಡುತ್ತೀ. ಇದನ್ನಾದರೂ ಪೂರ್ತಿ ಓದು.

ಮುಕೇಶ ಪೆರೋಲ್ ಮೇಲೆ ಮನೆಗೆ ಬಂದಿದ್ದ. ನಿನ್ನ ಗಂಡ ಯೋಗೀಶನನ್ನು ಕೊಂದು ಜೈಲಿಗೆ ಹೋದ ಮೇಲೆ ಇದೇ ಮೊದಲು. ನಿಮ್ಮ ಅಪ್ಪ ತೀರಿಹೋದಾಗಲೂ ಬಿಟ್ಟಿರಲಿಲ್ಲ. ಪ್ರತಿ ಅರ್ಜಿಗೂ ಪೊಲೀಸರದ್ದು ಒಂದೇ ಸಾಲು: ಬಂದರೆ ಶಾಂತಿಭಂಗವಾದೀತು. ಅವನನ್ನು ಕೇಳಿದವರಿಲ್ಲ, ಅವನ ಪರವಾಗಿ ಮಾತಾಡಿದವರೂ ಇಲ್ಲ. ಕೇಸು ನಡೆಯುವಾಗ ಸರಕಾರ ಕೊಟ್ಟ ವಕೀಲರಂತೂ ಯೋಗೀಶ ನಿನ್ನನ್ನು ಹೊಡೆಯುತ್ತಿದ್ದ ವಿಷಯವನ್ನೇ ಎತ್ತಲಿಲ್ಲ.

ಈ ಸಲ ಕಾನೂನು ನೆರವಿನ ಕಡೆಯಿಂದ ಝಹ್ರಾ ಎಂಬ ವಕೀಲೆ ಬಂದಳು. ಹೈಕೋರ್ಟಿಗೆ ಹೋಗಿ, ಮುಕೇಶನ ಮಾತು ಕೇಳದೆ, ಕಾರಣ ಬರೆಯದೆ ಅರ್ಜಿ ತಳ್ಳಿಹಾಕಬಾರದೆಂದು ಆದೇಶ ತಂದಳು. ಆಮೇಲೆ ಜೈಲಿನ ಅಧಿಕಾರಿ ನಡೆಸಿದ ವಿಚಾರಣೆಗೆ ಯೋಗೀಶನ ತಮ್ಮ ಮೋಕ್ಷಿತ್‌ನನ್ನೂ ಕರೆದಿದ್ದರು. ಅವನು ಮೇಜು ಗುದ್ದಿ, "ಅವ ಹೊರಗೆ ಬರ್ಲಿ, ಕಡಿದು ಹಾಕ್ತೇನೆ" ಎಂದ. ಅಧಿಕಾರಿ ಅವನಿಗೇ ಎಚ್ಚರಿಕೆ ಕೊಟ್ಟು, ಮುಕೇಶನನ್ನು ಒಂದು ತಿಂಗಳಿಗೆ ಬಿಟ್ಟರು.

ಮನೆಗೆ ಬಂದವನು ಅಂಗಳ ದಾಟಲಿಲ್ಲ. ಬಚ್ಚಲಿಗೆ ಹೋಗಲಿಕ್ಕೂ ನನ್ನನ್ನು ಕೇಳುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಮೋಕ್ಷಿತ್ ತಲವಾರು ಹಿಡಿದು ಬಂದ. ಒದ್ದ ರಭಸಕ್ಕೆ ಬಾಗಿಲಿನ ಚಿಲಕ ಕಿತ್ತುಬಂತು. ಮೊದಲ ಏಟು ಮುಕೇಶನ ಹೆಗಲಿಗೆ ಬಿತ್ತು. ರಕ್ತ ಗೋಡೆಗೆ ಹಾರಿತು. ಎರಡನೆಯದಕ್ಕೆ ನಾನು ಅಡ್ಡ ಹೋದೆ. ನನಗೆ ಹೆಚ್ಚೇನೂ ಆಗಲಿಲ್ಲ, ಕೈ ತರಚಿತು ಅಷ್ಟೆ. ಮುಕೇಶ ಅವನನ್ನು ಕೆಡವಿ ಎದೆಯ ಮೇಲೆ ಕುಳಿತ. ತಲವಾರು ಈಗ ಇವನ ಕೈಯಲ್ಲಿತ್ತು.

"ನಿನ್ನನ್ನೂ ಕೊಲ್ಬೇಕಾ ನಾನು?" ಎಂದು ಕೂಗಿ ತಲವಾರನ್ನು ಕಿಟಕಿಯಿಂದ ಹೊರಗೆಸೆದ. ಪಕ್ಕದ ಮನೆಯ ಸೆವರಿನ್ ಪೊರ್ಬುಗಳು ಓಡಿ ಬಂದರು. "ಪೊಲೀಸರಿಗೆ ಫೋನ್ ಮಾಡಿ ಮಾರಾಯ್ರೆ, ಅಲ್ಲಿವರೆಗೆ ಇವನನ್ನು ಹಿಡ್ಕೊಳ್ತೇನೆ" ಎಂದ ಮುಕೇಶ.

ಸ್ಟೇಷನ್ನಿನಿಂದ ಮತ್ತೆ ಅದೇ ವರದಿ ಹೋಯಿತು: ಶಾಂತಿಭಂಗವಾಗಿದೆ, ಪೆರೋಲ್ ರದ್ದು ಮಾಡಿ. ಹಿಂದಾಗಿದ್ದರೆ ಅಂದೇ ವ್ಯಾನು ಹತ್ತಿಸುತ್ತಿದ್ದರು. ಝಹ್ರಾ ಬಿಡಲಿಲ್ಲ. "ಕಡಿಸಿಕೊಂಡವನು ಇವನು ಸರ್. ಮೊದಲು ಇವನ ಮಾತು ಕೇಳಿ" ಎಂದಳು. ಪೊರ್ಬುಗಳು ಕಂಡದ್ದನ್ನು ಕಂಡಹಾಗೆ ಹೇಳಿದರು. ಪೆರೋಲ್ ಉಳಿಯಿತು, ಮೋಕ್ಷಿತ್ ಒಳಗೆ ಹೋದ. ನಿನ್ನೆ ಮುಕೇಶ ತಾನಾಗಿಯೇ ಬಿಜೈ ಬಸ್ ನಿಲ್ದಾಣದಲ್ಲಿ ಮೈಸೂರು ಬಸ್ಸು ಹತ್ತಿ ಜೈಲಿಗೆ ಮರಳಿದ.

ಅವನನ್ನು ಅವಧಿಗೆ ಮುಂಚೆ ಬಿಡುವ ಅರ್ಜಿ ಇನ್ನು ವಿಚಾರಣೆಗೆ ಬರುತ್ತದಂತೆ. ಮಗಾ, ಯೋಗೀಶ ನಿನ್ನ ತಲೆಯನ್ನು ಹಂಡೆಯ ನೀರಿಗೆ ಅದುಮಿ ಹಿಡಿದಿದ್ದ. ಮುಕೇಶ ಬಚ್ಚಲಿನ ಬಾಗಿಲು ಮುರಿಯದಿದ್ದರೆ ಇವತ್ತು ನೀನಿಲ್ಲ. ಯೋಗೀಶ ನಿನ್ನನ್ನು ಬಿಟ್ಟ ಮೇಲೂ ಮುಕೇಶ ಅವನನ್ನು ಹೊಡೆಯುತ್ತಲೇ ಇದ್ದ. ಅದು ತಪ್ಪೇ, ಅದಕ್ಕೆ ಶಿಕ್ಷೆಯೂ ಆಯಿತು. ಆದರೆ ಹೊಡೆಯಲು ಶುರುಮಾಡಿದ್ದು ಏಕೆಂದು ನೀನು ಬಂದು ಹೇಳಬೇಕು. ನಾಚಿಕೆ ಪಡಬೇಕಾದವಳು ನೀನಲ್ಲ.

ನಿನ್ನ ದಾರಿ ಕಾಯುತ್ತಿರುವ
ಅಮ್ಮ, ಮುದ್ದು

ತಾ.ಕ.: ದೀಕ್ಷಿತಾ ಅವರೇ, ನಾನು ಝಹ್ರಾ. ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ಕೂತು, ಅವರು ಹೇಳಿದ್ದನ್ನೆಲ್ಲ ನಾನು ಬರೆದೆ. ಈ ಸಾಲುಗಳು ಮಾತ್ರ ಅವರಿಗೆ ಗೊತ್ತಿಲ್ಲ. ಅವರ ಬಲಗೈ ಮಣಿಕಟ್ಟಿನಿಂದ ಮುಂದೆ ಇಲ್ಲ. ಮೇಲಿನ ಸಹಿ ಎಡಗೈಯಲ್ಲಿ ಅವರೇ ಹಾಕಿದ್ದು.