ಸಾವಿರ ಕೈಗಂಟೆ ತುಂಬಿದ ಮೇಲೆ

ತದಡಿ ಗುಡ್ಡದ ವಿಮಾನಪಟ್ಟಿ
ಮೇ ೩೮, ೨೧೭೪

ನೂರೈವತ್ತು ವರ್ಷ ಹಿಂದೆ ಸಣ್ಣ ಸರಕು ವಿಮಾನ ಕಂಪನಿ ನಡೆಸುತ್ತಿರುವವರಿಗೆ,

ತಾರೀಕು ತಪ್ಪಿ ಬರೆದದ್ದಲ್ಲ. ಸೆಕೆ ಮುಗಿಯದೆ ತಿಂಗಳು ಮುಗಿಸುವುದರಲ್ಲಿ ಅರ್ಥವಿಲ್ಲವೆಂದು ನಮ್ಮ ಕಾಲದವರು ಮೇ ತಿಂಗಳಿಗೆ ನಲವತ್ತೈದು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾನು ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು. ಬೇರೆ ಪದ ಹೊಳೆಯದ ಕಡೆ ನಾವು ಆಡುವ ಮಾತನ್ನೇ ಬರೆದಿದ್ದೇನೆ.

ನಮ್ಮ ಕರಾವಳಿಯ ರಸ್ತೆ ಸಮುದ್ರದೊಳಗೆ ಹೋಗಿ ಎಪ್ಪತ್ತು ವರ್ಷವಾಯಿತು. ಗುಡ್ಡಗಳ ಮೇಲೆ ಉಳಿದ ಹನ್ನೆರಡು ಕೇರಿಗಳಿಗೆ ಔಷಧಿ, ಪಂಪಿನ ಬಿಡಿಭಾಗ, ಈರುಳ್ಳಿ, ಕನ್ನಡಕ ಎಲ್ಲವೂ ನಮ್ಮ ಮಾಲೀಕ ಜಟ್ಟಪ್ಪ ಹರಿಕಂತ್ರರ ಎರಡು ವಿಮಾನಗಳಲ್ಲೇ ಹೋಗಬೇಕು. ನಾನು ಅವರ ಪೈಲಟ್. ಕಳೆದ ವಾರ ಒಂದು ಹೊಲಿಗೆ ಯಂತ್ರವನ್ನೂ ಎರಡು ಪೆಟ್ಟಿಗೆ ಕೋಳಿಮರಿಗಳನ್ನೂ ಒಟ್ಟಿಗೆ ಒಯ್ದೆ. ಇಳಿಯುವಷ್ಟರಲ್ಲಿ ಮರಿಗಳು ಯಂತ್ರದ ಮೇಲೆ ಸಾಲಾಗಿ ಕೂತಿದ್ದವು. ಅಲ್ಲಿ ಇಳಿಯುವ ಜಾಗವೆಂದರೆ ಗುಡ್ಡದ ನೆತ್ತಿಯ ಕಲ್ಲುಪಟ್ಟಿ. ಕೊನೆ ಕ್ಷಣದಲ್ಲಿ ಗಾಳಿ ಪಕ್ಕಕ್ಕೆ ತಳ್ಳುತ್ತದೆ. ದೊಡ್ಡ ಕಂಪನಿಗಳ ತಾನುಹಾರಿಗಳು, ಅಂದರೆ ತಾವೇ ಹಾರುವ ವಿಮಾನಗಳು, ಅಲ್ಲಿಗೆ ಬರುವುದಿಲ್ಲ.

ಆದರೆ ತಾನುಹಾರಿಯಲ್ಲೂ ಒಬ್ಬ ಮನುಷ್ಯ ಕೂತಿರಬೇಕೆಂದು ಕಾನೂನಿದೆ. ಆ ಕೆಲಸಕ್ಕೆ ಸಾಕ್ಷಿ ಎನ್ನುತ್ತಾರೆ. ಸಾಕ್ಷಿಯಾಗಲು ಸಾವಿರ ಕೈಗಂಟೆ ಬೇಕು. ಸ್ವಂತ ಕೈಯಿಂದ ವಿಮಾನ ಹಾರಿಸಿದ ಗಂಟೆಗೆ ಆ ಹೆಸರು. ಅದು ಸಿಗುವುದು ನಮ್ಮಂಥ ಸಣ್ಣವರಲ್ಲಿ ಮಾತ್ರ. ಹಾಗಾಗಿ ಎಲ್ಲರೂ ಇಲ್ಲಿಗೆ ಬರುತ್ತಾರೆ, ಸಾವಿರ ತುಂಬಿಸುತ್ತಾರೆ, ಹೋಗುತ್ತಾರೆ. ಆರು ವರ್ಷದಲ್ಲಿ ಹನ್ನೊಂದು ಜನ ಹೋದರು. ಮೊದಲ ಇಬ್ಬರು ಹೋಗುವ ಮಾತೆತ್ತಿದ ದಿನವೇ ಜಟ್ಟಪ್ಪ ಅವರ ಹೆಡ್‌ಸೆಟ್ ಕಸಿದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು. ಮೊಳೆಗೆ ಬಿದ್ದವರಿಗೆ ಮತ್ತೆ ಹಾರಾಟವಿಲ್ಲ. ಮೂವತ್ತು ದಿನ ಹಾರದವರನ್ನು ದೊಡ್ಡ ಕಂಪನಿಯವರೂ ಸೇರಿಸಿಕೊಳ್ಳುವುದಿಲ್ಲ. ಅದನ್ನು ನೋಡಿದ ಉಳಿದವರು ಬಾಯಿಬಿಡದೆ ಮಾಯವಾದರು. ಬೆಳಿಗ್ಗೆ ಸರಕು ತುಂಬಿ ವಿಮಾನ ನಿಂತಿರುತ್ತದೆ, ಪೈಲಟ್ ಇರುವುದಿಲ್ಲ. ಹಾಗಾದಾಗ ಒಮ್ಮೆ ಕಾಗಾಲ ಗುಡ್ಡಕ್ಕೆ ಒಂಬತ್ತು ದಿನ ಔಷಧಿ ತಲುಪಲಿಲ್ಲ. ಅಲ್ಲಿನ ಟೀಚರೊಬ್ಬರು ಕಾಲು ಕಳೆದುಕೊಂಡರು.

ಜಟ್ಟಪ್ಪ ನನ್ನನ್ನು ಸೇರಿಸಿಕೊಂಡ ಸಂದರ್ಶನ ಚಿಕ್ಕದು.

“ಎಷ್ಟರವರೆಗೆ ಓದಿದ್ದೀ ತಂಗಿ?”

“ಒಂಬತ್ತು. ಅದೂ ಅರ್ಧ.”

“ಮುಂದೆ ಓದೋ ಆಲೋಚನೆ ಉಂಟಾ?”

“ಇಲ್ಲ.”

“ಬಹಳ ಚಲೋ ಆಯ್ತು. ನಾಳೆಯಿಂದ ಬಾ.”

ಸಾಕ್ಷಿಯಾಗಲು ಹತ್ತನೇ ತರಗತಿ ಪಾಸಾಗಿರಬೇಕಿತ್ತು. ಎಲ್ಲಿಗೂ ಹೋಗಲಾರೆ ಎಂಬುದೇ ನನ್ನ ಅರ್ಹತೆ. ಎರಡು ವರ್ಷದ ನಂತರ ನಮ್ಮ ಹಿರಿಯ ಪೈಲಟ್ ಬಸ್ತ್ಯಾಂವ ಲೋಪಿಸ್ ಇದನ್ನು ನಗುತ್ತ ಹೇಳಿದರು. ನಾನು ನಗಲಿಲ್ಲ.

ಈ ತಿಂಗಳು ದೊಡ್ಡವರಿಗೂ ಜನ ಸಾಲದೆ ಹತ್ತನೇ ತರಗತಿಯ ನಿಯಮ ತೆಗೆದರು. ನನ್ನ ಕೈಗಂಟೆ ಸಾವಿರದ ಹದಿನಾಲ್ಕು. ಅವರಿಂದ ಕರೆ ಬಂತು. ಬಸ್ತ್ಯಾಂವರಿಗೆ ಕಣ್ಣು ಮಂಜಾಗಿ ಹಾರಾಟ ನಿಂತಿದೆ. ಇಲ್ಲಿ ಉಳಿದ ಪೈಲಟ್ ನಾನೊಬ್ಬಳೇ.

“ಸುಮ್ನೆ ಹೋಗೇ ಮಾರಾಯ್ತಿ. ಹೇಳಿದ್ರೆ ಮೊಳೆ,” ಎಂದರು ಅವರು.

ಹೋಗಬೇಕೆಂಬ ಆಸೆ ನನಗಿದೆ, ಅದನ್ನು ಮುಚ್ಚಿಡುವುದಿಲ್ಲ. ಅದೇ ಹನ್ನೆರಡು ಗುಡ್ಡ ನೋಡಿ ಸಾಕಾಗಿದೆ. ಆದರೆ ಕದ್ದು ಹೋಗಲಾರೆ. ದೊಡ್ಡವರಲ್ಲಿ ಸಮಯ ಕೇಳಿದೆ. ಅವರು ಕಾಯಲು ಒಪ್ಪಿದ ಮೇಲೆ ಜಟ್ಟಪ್ಪರ ಎದುರು ನಿಂತು ಹೇಳಿದೆ: “ಮುನ್ನೂರು ದಿನ ಇರ್ತೇನೆ. ಇಬ್ಬರನ್ನ ಕೊಡಿ, ಕಲಿಸ್ತೇನೆ. ಆಮೇಲೆ ಹೋಗ್ತೇನೆ. ಓದಿದವರಾದ್ರೂ ಅಡ್ಡಿಲ್ಲ.”

ಅವರು ನನ್ನ ಹೆಡ್‌ಸೆಟ್ ಎತ್ತಿಕೊಂಡು ಬಾಗಿಲವರೆಗೆ ಹೋದರು. ಹೊರಗೆ ತುಂಬಿ ನಿಂತಿದ್ದ ವಿಮಾನವನ್ನು ಬಹಳ ಹೊತ್ತು ನೋಡಿದರು. “ಹೇಳದೆ ಹೋಗಿದ್ರೆ ಬೈಯ್ಯೋದಾದ್ರೂ ಸುಲಭ ಇತ್ತು,” ಎಂದು ತಿರುಗಿ ಬಂದು ಅದನ್ನು ನನ್ನ ಕೈಗಿಟ್ಟರು. ನಾನು ಹಾರಿದೆ. ನಾಡಿದ್ದು ಇಬ್ಬರು ಕಲಿಯಲು ಬರುತ್ತಾರೆ. ಇಬ್ಬರೂ ಪದವೀಧರರು, ಇಬ್ಬರೂ ಒಂದು ದಿನ ಹೋಗುವವರೇ.

ನಿಮ್ಮಲ್ಲಿ ಕೇಳುವುದು ಇಷ್ಟು. ನಿಮ್ಮ ಪೈಲಟ್‌ಗಳೂ ಕಲಿತು ದೊಡ್ಡವರ ಕಡೆ ಹೋಗುತ್ತಿರಬಹುದು. ಹೋಗಲಾರದವರನ್ನು ಹುಡುಕುತ್ತ ವರ್ಷ ಕಳೆಯಬೇಡಿ. ಹೋಗುತ್ತೇನೆಂದು ಎದುರು ಬಂದು ಹೇಳಿದವರನ್ನು ಮಾರನೇ ಬೆಳಿಗ್ಗೆಯೂ ಹಾರಲು ಬಿಡಿ. ಅವರು ಹೋಗುವ ದಿನ ನಿಮಗೆ ಮೊದಲೇ ತಿಳಿದಿರುತ್ತದೆ, ಆ ದಿನ ಅವರ ಸೀಟಿನಲ್ಲಿ ಬೇರೆ ಒಬ್ಬರು ಕೂತಿರುತ್ತಾರೆ.

ಕಸ್ತೂರಿ ಖಾರ್ವಿ