ಬೇಕೆಂದೇ ಬೀಳಿಸಿದ ಕಪ್ಪೆ

ಗುರುವಾರ, ಹದಿನಾಲ್ಕು

ಬೆಳಿಗ್ಗೆ ಅಕ್ಕನ ಮಗಳು ಗುಬ್ಬಿ ನಾಲ್ಕಕ್ಕೆ ಮೂರು ಸೇರಿಸಿ, ಬೆರಳು ಮಡಿಸಿ ಏಳೆಂದು ಸರಿಯಾಗಿಯೇ ಎಣಿಸಿದಳು. ಆಮೇಲೆ ಟ್ಯಾಬ್‌ನಲ್ಲಿ ಒಂಬತ್ತನ್ನು ಒತ್ತಿದಳು. ನಮ್ಮ ಆಫೀಸಿನಲ್ಲಿ ಮಕ್ಕಳಿಗೆಂದು ಮಾಡಿದ ಲೆಕ್ಕದಾಟದ ಕಪ್ಪೆ “ಅಯ್ಯಯ್ಯೋ, ಕೆಟ್ಟೆ!” ಎನ್ನುತ್ತ ಎಲೆಯಿಂದ ಜಾರಿ ನೀರಿಗೆ ಬಿತ್ತು. ಇವಳು ಬಿದ್ದು ಬಿದ್ದು ನಕ್ಕಳು.

“ಏಳು ಅಂತ ಗೊತ್ತಿತ್ತಲ್ವೇನೇ?”

“ಗೊತ್ತು ಚಿಕ್ಕಿ. ಏಳು ಒತ್ತಿದ್ರೆ ಬರೀ ನಕ್ಷತ್ರ ಬರುತ್ತೆ. ಕಪ್ಪೆ ಬೀಳೋದೇ ಇಲ್ಲ!”

ಆ ‘ಅಯ್ಯಯ್ಯೋ, ಕೆಟ್ಟೆ’ ನಾನೇ ಬರೆದದ್ದು. ಕೆಲಸಕ್ಕೆ ಸೇರಿದ ಎಂಟು ತಿಂಗಳಲ್ಲಿ ಇಡೀ ಆಫೀಸು ನಕ್ಕ ನನ್ನ ಒಂದೇ ಒಂದು ಸಾಲು.

ಮಧ್ಯಾಹ್ನದ ಮೀಟಿಂಗಿನಲ್ಲಿ ಮೇಡಂ ಹಿಗ್ಗಿ ಹೀರೇಕಾಯಿಯಾಗಿದ್ದರು. ಆಟ ಹೇಗಿದೆಯೆಂದು ನೋಡಲು ಮೊದಲು ಕೊಟ್ಟ ಶಾಲೆಯಲ್ಲಿ ಮಕ್ಕಳು ಒಂದೊಂದು ಲೆಕ್ಕವನ್ನೂ ನಾಲ್ಕೈದು ಸಲ ಮಾಡುತ್ತಿದ್ದಾರಂತೆ. “ನೋಡ್ರಪ್ಪಾ, ಸೋತ್ರೂ ಬಿಡ್ತಿಲ್ಲ ಮಕ್ಕಳು! ಸೋಮವಾರ ಎಲ್ಲಾ ಶಾಲೆಗೂ ಕೊಟ್ಬಿಡೋಣ.” ನನ್ನ ಕಡೆ ತಿರುಗಿ, “ಏನಮ್ಮಾ, ಬಾಯಿ ಬಿಟ್ರೆ ಮುತ್ತು ಉದುರುತ್ತಾ?” ಎಂದರು. ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತೆ. ನಾಚಿಕೆಯೊಂದೇ ಆಗಿದ್ದರೆ ಸರಿ, ನಿಜ ಹೇಳಿದರೆ ನನ್ನ ಸಾಲು ತೆಗೆದುಬಿಡುತ್ತಾರೆ, ಅದು ಉಳಿಯಲಿ ಎಂಬ ಆಸೆಬುರುಕತನವೂ ಇತ್ತು. ಗೊತ್ತಿದ್ದೂ ತಪ್ಪು ಮಾಡಿದ್ದು ಗುಬ್ಬಿಯೊಬ್ಬಳೇ ಅಲ್ಲ, ನಾನೂ.

ಮನೆಗೆ ಬಂದ ಮೇಲೆ ಉಪಾಯ ಹೊಳೆಯಿತು: ಸರಿಯುತ್ತರಕ್ಕೇ ಕಪ್ಪೆ ಬೀಳಲಿ. ತಪ್ಪಾದರೆ ಎಲೆಯ ಮೇಲೆ ಸುಮ್ಮನೆ ಕೂತು ಕಾಯಲಿ. ಬೀಳುವಾಗ ಕೂಗುವುದಕ್ಕೆ ‘ಕೆಟ್ಟೆ’ಯ ಬದಲು ಬೇರೆ ಸಾಲು ಬರೆದರಾಯಿತು.

ನಾಳೆ ಎಲ್ಲರೂ ಬರುವ ಮೊದಲೇ ಮೇಡಂ ಮೇಜಿನ ಮುಂದೆ ನಿಲ್ಲುತ್ತೇನೆ. ಹೇಳಬೇಕಾದ ಮಾತನ್ನು ಅಂಗೈ ಮೇಲೆ ಬರೆದುಕೊಂಡಾಗಿದೆ: “ಮಕ್ಕಳು ಸೋಲ್ತಿಲ್ಲ ಮೇಡಂ, ಬೇಕಂತಲೇ ಕಪ್ಪೆ ಬೀಳಿಸ್ತಿದ್ದಾರೆ.”