ದೊಡ್ಡಿಯ ದಾರಿಗೆ ಕಟ್ಟಿದ ಕಾಗದ

ಲೊಕ್ಕನಹಳ್ಳಿ,
11-12-2024, ಬುಧವಾರ ಬೆಳಿಗ್ಗೆ

ನನ್ನ ಯಜಮಾನರಿಗೆ,

ನಾನು ಯಾರೆಂದು ಮೊದಲು ಬರೆಯುತ್ತೇನೆ, ಯಾಕೆಂದರೆ ಈಚೆಗೆ ನಿಮಗೆ ಅದು ಒಂದು ದಿನ ಗೊತ್ತಿರುತ್ತದೆ, ಒಂದು ದಿನ ಗೊತ್ತಿರುವುದಿಲ್ಲ. ನಾನು ಶಿವರತ್ನಮ್ಮ. ಮಧುವನಹಳ್ಳಿ ಪಟೇಲ್ ಸದಾಶಿವಪ್ಪನವರ ಹಿರಿಮಗಳು. ಕೊಳ್ಳೇಗಾಲದಲ್ಲಿ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು. ಶಾಗ್ಯದ ದೊಡ್ಡಮನೆಗೆ ಸೊಸೆಯಾಗಿ ಬಂದು ನಲವತ್ತೇಳು ವರ್ಷವಾಯಿತು, ಅದರಲ್ಲಿ ಮೂವತ್ತು ವರ್ಷ ಆ ಮನೆಯ ಬೀಗದ ಕೈ ನನ್ನ ಸೊಂಟದಲ್ಲಿದೆ. ಊರಿನಲ್ಲಿ ಎರಡು ಮನೆಯ ಜಗಳ ಬಿದ್ದರೆ ನಮ್ಮ ಜಗಲಿಗೇ ಬರುತ್ತಾರೆ, ನನ್ನ ಮಾತು ದಾಟಿ ಹೋದವರಿಲ್ಲ. ನಾನು ನಿಮ್ಮ ಹೆಂಡತಿ.

ನೀವು ಹೇಗಿದ್ದೀರಿ? ಕಾಲು ಊದಿಕೊಂಡಿದೆಯೇ? ಬಿಪಿ ಮಾತ್ರೆ ತೆಗೆದುಕೊಳ್ಳದೆ ಇವತ್ತಿಗೆ ಆರು ದಿನ. ಮೈಮೇಲೆ ಇರುವುದು ತೋಳಿಲ್ಲದ ಬನಿಯನ್, ಪಂಚೆ ಅಷ್ಟೇ ಎಂದು ಮಗ ಕುಮಾರ ಹೇಳಿದ. ಈ ಬೆಟ್ಟದಲ್ಲಿ ಬೆಳಗಿನ ಜಾವ ಎಂಥ ಚಳಿ ಬೀಳುತ್ತದೆ ಎಂದು ನನಗೆ ಈ ವಾರ ಗೊತ್ತಾಯಿತು. ನಿಮ್ಮ ಬೂದು ಬಣ್ಣದ ಸ್ವೆಟರನ್ನು ಈ ಕಾಗದದ ಜೊತೆಗೇ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸುತ್ತಿದ್ದೇನೆ. ಓದುವ ಮೊದಲು ಅದನ್ನು ಹಾಕಿಕೊಳ್ಳಿ. ಕವರಿನಲ್ಲಿ ಬೆಲ್ಲವೂ ಇದೆ, ಕೋತಿ ಬಿಚ್ಚದೆ ಉಳಿದಿದ್ದರೆ.

ಈ ಕಾಗದಕ್ಕೆ ಎಂಟು ಜೆರಾಕ್ಸ್ ಮಾಡಿಸುತ್ತೇವೆ. ಕಾಡಿನಲ್ಲಿ ನೀರು ಇರುವ ಎಂಟು ಕಡೆ ನಿಮ್ಮ ಕಣ್ಣಿನ ಎತ್ತರಕ್ಕೆ ಕಟ್ಟುವುದು ಅಂತ ನನ್ನ ಏರ್ಪಾಟು. ನಮ್ಮವರು ಎಲ್ಲಿ ಹೋದರೂ ನೀರಿಗೆ ಬರಲೇಬೇಕು, ಅಕ್ಷರ ಕಂಡರೆ ಓದದೆ ಬಿಡುವುದಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಹೋದ ತಿಂಗಳು ಕೂಡ ಗೊಬ್ಬರದ ಚೀಲದ ಮೇಲಿನ ಬರಹವನ್ನು ಪಾಠ ಮಾಡಿದಂತೆ ಗಟ್ಟಿಯಾಗಿ ಓದಿದಿರಿ.

ಮೂವತ್ತೊಂದು ವರ್ಷ, ಪ್ರತಿ ಡಿಸೆಂಬರಿನಲ್ಲೂ ಏಳನೇ ತರಗತಿ ಮಕ್ಕಳನ್ನು ಕರೆದುಕೊಂಡು ನೀವು ಈ ಬೆಟ್ಟ ಹತ್ತುತ್ತಿದ್ದಿರಿ. ಜೇನುಬಂಡೆಯ ಮೇಲೆ ನಿಂತರೆ ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಾದಪ್ಪನ ಬೆಟ್ಟದ ಸಾಲು ಕಾಣುತ್ತದೆ, ಅತ್ತಿಹಳ್ಳದ ಅಬ್ಬಿ ಡಿಸೆಂಬರಿನಲ್ಲೂ ಬತ್ತುವುದಿಲ್ಲ, ಒಂದು ಸಲ ಬಾ ಎಂದು ಪ್ರತಿ ವರ್ಷವೂ ಕರೆಯುತ್ತಿದ್ದಿರಿ. ಪಟೇಲರ ಮಗಳು ಕಾಡುಮೇಡು ಅಲೆಯುವವಳಲ್ಲ ಎಂದು ನಾನು ಪ್ರತಿ ವರ್ಷವೂ ಹೇಳುತ್ತಿದ್ದೆ. "ನಿಮ್ಮಪ್ಪ ಕುದ್ರೆ ಕಳಿಸುದ್ರೆ ಬೆಟ್ಟ ಅತ್ತೀಯೇನು ರತ್ನಾ?" ಎಂದು ನೀವು ನಗಾಡುತ್ತಿದ್ದಿರಿ. ಮಕ್ಕಳಿಗೆ ಚಿತ್ರಾನ್ನದ ಬುತ್ತಿ ಕಟ್ಟಿಕೊಟ್ಟು ನಾನು ಒಳಗೆ ಹೋಗುತ್ತಿದ್ದೆ.

ಈಗ ಹತ್ತಿದೆ. ಶನಿವಾರ ಜೇನುಬಂಡೆ, ಭಾನುವಾರ ಅಬ್ಬಿ, ಸೋಮವಾರ ಆನೆಕಲ್ಲಿನ ನೆತ್ತಿ. ಈ ಎಪ್ಪತ್ತರ ಹತ್ತಿರದ ಮಂಡಿಯಲ್ಲಿ, ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು. ಅಬ್ಬಿಯ ಹಳ್ಳ ದಾಟುವಾಗ ಪಕ್ಕದ ಮನೆ ಶಿವಮಲ್ಲಪ್ಪ ಹಿಂದಿನಿಂದ, "ಪಟೇಲ್ರ ಮಗ್ಳು ಚಪ್ಲಿ ಕೈಲಿಡ್ಕಂಡವ್ಳೆ, ನೋಡ್ರಲಾ" ಎಂದಿದ್ದು ನನ್ನ ಕಿವಿಗೆ ಬಿತ್ತು. ಬೇರೆ ದಿನವಾಗಿದ್ದರೆ ಅವನಿಗೆ ತಕ್ಕದ್ದು ಹೇಳುತ್ತಿದ್ದೆ. ನೀವು ಹೇಳಿದ್ದೆಲ್ಲ ಹಾಗೇ ಇದೆ. ಬಂಡೆಯ ಹೊಟ್ಟೆಯಲ್ಲಿ ಹಲಗೆ ಹಲಗೆಯಾಗಿ ಜೇನು ಕಟ್ಟಿದೆ. ಅಬ್ಬಿ ಬತ್ತಿಲ್ಲ, ತೆಳ್ಳಗೆ ಬೀಳುತ್ತದೆ, ನಾನೂ ಎರಡು ಬೊಗಸೆ ಕುಡಿದೆ. ಆನೆಕಲ್ಲಿನ ಮೇಲಿಂದ ನೋಡಿದರೆ ಕಣ್ಣು ಹರಿದಷ್ಟೂ ಕಾಡು, ಅದರಲ್ಲಿ ಒಬ್ಬ ಮನುಷ್ಯ ಎಲ್ಲಿದ್ದಾನೆಂದು ಹುಡುಕುವುದು? ಅಷ್ಟು ಚೆಂದದ ಜಾಗವನ್ನು ನಿಮ್ಮ ಜೊತೆಯಲ್ಲಿ ನೋಡಲಿಲ್ಲ, ನಿಮ್ಮನ್ನು ಕಳೆದುಕೊಂಡು ನೋಡಿದೆ. ಯಳಂದೂರಿನ ಕಡೆಯಿಂದಲೂ ಜನ ಬಂದು ದೊಡ್ಡ ಸಂಪಿಗೆ ಮರದವರೆಗೆ ನೋಡಿಕೊಂಡು ಹೋದರು. "ಮೇಷ್ಟ್ರೇ, ಮೇಷ್ಟ್ರೇ" ಎಂದು ಕೂಗಿ ಕೂಗಿ ಎಲ್ಲರ ಗಂಟಲು ಕಟ್ಟಿತು. ಎಲ್ಲೂ ಒಂದು ಹೆಜ್ಜೆಗುರುತು ಕೂಡ ಇಲ್ಲ.

ಆ ಮೂರು ದಿನ ಹಾಳಾದದ್ದು ನನ್ನಿಂದ. ಅದನ್ನು ನಿಮಗೆ ಬರೆಯದೆ ಬೇರೆ ಏನು ಬರೆದರೂ ಸುಳ್ಳು.

ಶನಿವಾರ ಬೆಳಿಗ್ಗೆ ಕಾಡು ಕಾಯುವ ಬೆಳ್ಳಯ್ಯ ಬಂದ. ಸೋಲಿಗರ ಬೆಳ್ಳಯ್ಯ, ನಿಮ್ಮ ಹತ್ತಿರವೇ ಏಳನೇ ಕ್ಲಾಸು ಓದಿದವನು, ಈಗ ಅವನಿಗೂ ತಲೆ ನರೆತಿದೆ. ಮೊದಲು ಕೇಳಿದ್ದೇ, "ಅಮ್ಮಾವ್ರೇ, ಮೇಷ್ಟ್ರು ಗ್ಯಾನ ಎಂಗದೆ? ಮರ್ವು ಗಿರ್ವು ಏನಾರ ಅದಾ?" ಎಂದು. ಅರಣ್ಯ ಇಲಾಖೆಯವರು, ಪೊಲೀಸಿನವರು, ಊರಿನ ಮೂವತ್ತು ಜನ ಸುತ್ತ ನಿಂತಿದ್ದರು. ನಾನು ಹೇಳಿದೆ: ಅವರ ಜ್ಞಾನಕ್ಕೆ ಏನಾಗಿದೆ? ಚೆನ್ನಾಗಿಯೇ ಇದ್ದಾರೆ. ಹಳೇ ಜಾಗ ನೋಡಲು ಹೋಗಿದ್ದಾರೆ. ಸೊಸೆ ಭವ್ಯ ನನ್ನ ಮುಖ ನೋಡಿದಳು. ಅವಳನ್ನು ಕಣ್ಣಿನಲ್ಲೇ ಹೆದರಿಸಿದೆ. ಜ್ಞಾನ ಸರಿಯಿರುವ ಮೇಷ್ಟ್ರು ಎಲ್ಲಿಗೆ ಹೋಗುತ್ತಾರೋ ಅಲ್ಲೆಲ್ಲ ಅವರು ಹುಡುಕಿದರು. ಅವರದೇನು ತಪ್ಪು?

ಒಂದೂವರೆ ವರ್ಷದಿಂದ ನಿಮಗೆ ಹೀಗಾಗಿರುವುದನ್ನು ನಾನು ಊರಿಗೆ ಬಿಟ್ಟುಕೊಡಲಿಲ್ಲ. ಮಂಡಿನೋವು, ಹೊರಗೆ ಬರುವುದಿಲ್ಲ ಎಂದು ಹೇಳಿಕೊಂಡು ಬಂದೆ. ಸಾವಿರ ಮಕ್ಕಳಿಗೆ ಅಕ್ಷರ ಕಲಿಸಿದವರು ಪಂಚೆ ಕಟ್ಟುವುದನ್ನು ಮರೆತರೆಂದು ಜಗಲಿಗಳ ಮೇಲೆ ಮಾತಾಗುವುದು ನನಗೆ ಬೇಕಿರಲಿಲ್ಲ. ಶುಕ್ರವಾರ ನಮ್ಮ ಶೃತಿಯನ್ನು ನೋಡಲು ನಂಜನಗೂಡಿನವರು ಬಂದರಲ್ಲ, ಒಳ್ಳೆಯ ಮನೆತನ, ತಾತನಿಗೆ ಹೀಗಂತೆ ಎಂದು ಗೊತ್ತಾದರೆ ಮೊಮ್ಮಗಳಿಗೂ ಮುಂದೆ ಬರುತ್ತದೇನೋ ಎಂದುಕೊಳ್ಳುತ್ತಾರೆ ಎಂದು ನಾನೇ ನಿಮ್ಮನ್ನು ಹಿಂದಿನ ರಾಗಿ ಕೋಣೆಗೆ ಬಿಟ್ಟು ಚಿಲಕ ಹಾಕಿದೆ. ಉಪ್ಪಿಟ್ಟು ಕೊಡುವಾಗ ಒಳಗಿನಿಂದ ನಿಮ್ಮ ದನಿ ಕೇಳಿಸಿತು: "ಅವ್ವಾ, ಬಾಗ್ಲು ತಗಿ. ಕರ ಅಲ್ಲೇ ಉಳ್ಕಂಡದೆ ಕಣವ್ವಾ." ಯಾರದು ಎಂದು ಬೀಗರಾಗಬೇಕಾದವರು ಕೇಳಿದರು. ಕೂಲಿಯವನು, ಕುಡಿದಿದ್ದಾನೆ ಎಂದೆ. ಆ ಮಾತು ಈ ಬಾಯಿಂದಲೇ ಬಂತು. ಸ್ವಲ್ಪ ಹೊತ್ತಿಗೆ ದನಿ ನಿಂತಿತು. ಮಲಗಿದಿರೆಂದು ನೆಮ್ಮದಿಯಾಯಿತು. ಕೊಟ್ಟಿಗೆ ಕಡೆಯ ಕಿರುಬಾಗಿಲಿಗೆ ಅಗಳಿ ಹಾಕಿರಲಿಲ್ಲ. ಅವರನ್ನು ಕಾರು ಹತ್ತಿಸಿ ಬಂದು ನೋಡಿದರೆ ಕೋಣೆ ಖಾಲಿ. ಲೊಕ್ಕನಹಳ್ಳಿ ಬಸ್ಸಿನ ಕಂಡಕ್ಟರು, ಮೇಷ್ಟ್ರು ಬರಿಗಾಲಲ್ಲಿ ಹತ್ತಿದರು, ಟಿಕೆಟ್ ಅಂದರೆ ನಕ್ಕರು, ಕಾಡಂಚಿನಲ್ಲಿ ಇಳಿದುಕೊಂಡರು ಎಂದ.

ನಿನ್ನೆ ಬೆಳ್ಳಯ್ಯ ಯಾರ ಜೊತೆಗೂ ಹೋಗದೆ ಒಬ್ಬನೇ ಹೋದ. ಸಂಜೆ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. ಹಳೇ ದೊಡ್ಡಿಯ ಹತ್ತಿರ ಯಾರೋ ಹೊಸದಾಗಿ ಮುಳ್ಳಿನ ಕೊಂಬೆ ಎಳೆದು ತಂದು ದುಂಡಗೆ ಬೇಲಿ ಕಟ್ಟಿದ್ದಾರಂತೆ, ಒಂದು ಕರು ಹಿಡಿಸುವಷ್ಟು. ಮುಳ್ಳಿನಲ್ಲಿ ಬಿಳಿ ಪಂಚೆಯ ಚೂರು ಸಿಕ್ಕಿದೆಯಂತೆ. ಆ ಚೂರನ್ನು ನನ್ನ ಕೈಗೆ ಕೊಟ್ಟು, "ಈಗ್ಲಾರ ನಿಜ ಏಳಿ ಅಮ್ಮಾವ್ರೇ. ಇದು ಮೇಷ್ಟ್ರು ಕಟ್ಟಿದ್ದಲ್ಲ, ಒಬ್ಬ ಸಣ್ಣ ಐದ ಕಟ್ಟಿರೋದು" ಎಂದ.

ಆಗ ಎಲ್ಲ ಹೇಳಿದೆ. ಕಾಡಿನೊಳಗೆ ಮುಳ್ಳುಬೇಲಿ ಹಾಕಿ ದನ ಕೂಡುವ ಆ ದೊಡ್ಡಿಯಲ್ಲಿ ಹತ್ತು ವರ್ಷ ವಯಸ್ಸಾಗುವವರೆಗೆ ನೀವು ಮಾವನವರ ಜೊತೆ ಕರು ಕಾಯುತ್ತಿದ್ದಿರಿ, ಆಮೇಲೆ ಶಾಲೆಗೆ ಹಾಕಿದರು ಎಂದು ಅತ್ತೆ ನನಗೆ ಹೇಳಿದ್ದರು. ಈ ಒಂದೂವರೆ ವರ್ಷದಿಂದ ನೀವು ನನ್ನನ್ನೇ ಅವ್ವಾ ಎನ್ನುತ್ತಿದ್ದಿರಿ, ಕರ ಬಂತಾ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಿರಿ, ನಾನು ನಿಮ್ಮ ಅವ್ವ ಅಲ್ಲ ಎಂದು ಗದರಿಸುತ್ತಿದ್ದೆ. ಇದೊಂದು ಮಾತನ್ನು ಶನಿವಾರವೇ ಹೇಳಿದ್ದರೆ ಅವನು ಶನಿವಾರವೇ ದೊಡ್ಡಿಗೆ ಹೋಗುತ್ತಿದ್ದ. ಬೆಳ್ಳಯ್ಯ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದೊಡ್ಡಿಯ ಸುತ್ತ ಲಾಂಟಾನ ಪೊದೆ ಆಳೆತ್ತರ ಬೆಳೆದಿದೆ, ಪಕ್ಕದಲ್ಲೇ ಕೂತಿದ್ದರೂ ಕಾಣುವುದಿಲ್ಲ, ಜನ ಕೂಗಿದಷ್ಟೂ ನೀವು ಹೆದರಿ ಒಳಗೆ ಒಳಗೆ ಹೋಗುತ್ತೀರಿ ಎಂದು ಅವನ ಲೆಕ್ಕ. "ಮೇಷ್ಟ್ರೇ ಅಂದ್ರೆ ಆ ಐದ್ನಿಗೆ ಯಾರು ಅಂತ ಗೊತ್ತಾಗದು. ಎಸರಿಡಿದು ಕೂಗ್ಬೇಕು, ಅವ್ರವ್ವ ಕೂಗ್ದಂಗೆ. ನಿಮ್ಮ ದನೀಲಿ." ನನ್ನಿಂದ ಆಗದು ಎಂದೆ. ನಲವತ್ತೇಳು ವರ್ಷದಲ್ಲಿ ನಿಮ್ಮ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಮಗನ ಕಡೆ ಕೈ ತೋರಿಸಿದವಳು, ಈ ಸಲ ಪೊಲೀಸಿನ ದೂರಿನಲ್ಲೂ ಕುಮಾರನೇ ಬರೆದ. ಅದೂ ಏಕವಚನದಲ್ಲಿ, ಇಷ್ಟು ಜನರ ಮುಂದೆ, ಕೈ ಹಿಡಿದ ಗಂಡನನ್ನು! ಕೂಗುವುದಿಲ್ಲ, ಬರೆಯುತ್ತೇನೆ ಎಂದು ಹೇಳಿ ಈ ಕಾಗದ ಹಿಡಿದು ಕೂತಿದ್ದೇನೆ.

ಆದ್ದರಿಂದ ಓದಿದ ಕೂಡಲೇ ಅಲ್ಲೇ ಕುಳಿತುಕೊಳ್ಳಿ. ಹಳ್ಳದ ಒಳಗೆ ಇಳಿಯಬೇಡಿ, ಆನೆ ಬರುವ ಹೊತ್ತು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಖಾಕಿ ಹಾಕಿದವರು ಬಂದರೆ ಹೆದರಬೇಡಿ, ಎಲ್ಲ ನಿಮ್ಮ ಶಿಷ್ಯರ ವಯಸ್ಸಿನವರು. ಇನ್ನು ಮೇಲೆ ನಿಮಗೆ ಯಾವ ಕೋಣೆಯೂ ಇಲ್ಲ. ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಕೂರಿ, ಬಂದವರೆಲ್ಲ ನೋಡಲಿ. ನಮ್ಮ ಮನೆದೇವರು ಮಾದಪ್ಪ ಇವತ್ತು ನಿಮ್ಮ ಹೆಗಲ ಮೇಲೆ ಕೈ ಇಟ್ಟುಕೊಂಡೇ ಇರಲಿ. ಕುಮಾರ, ಭವ್ಯ, ಶೃತಿ ನಿಮ್ಮ ಪಾದಕ್ಕೆ ಎರಗಿದ್ದಾರೆ, ನಾನೂ.

ನಿಮ್ಮ
ಶಿವರತ್ನಮ್ಮ

ಮತ್ತೆ: ಅವಸರದಲ್ಲಿ ಬರೆಯುತ್ತಿದ್ದೇನೆ, ದೊಡ್ಡಿಯ ದಿಣ್ಣೆಯ ಮೇಲೆ ಕೂತು, ಅಕ್ಷರ ಓರೆಯಾಗಿದೆ. ಕಾಗದ ಮುಗಿಸಿ ಬೆಳ್ಳಯ್ಯನ ಕೈಗೆ ಕೊಟ್ಟೆ. ಅವನು ಮೇಲಿಂದ ಕೆಳಗೆ ಓದಿ, ಮಡಿಸಿ, "ಕಾಗ್ದ ಓದೋರು ಮೇಷ್ಟ್ರು. ಕರ ಕಾಯೋ ಐದ್ನಿಗೆ ಇನ್ನೂ ಅಕ್ಸರ ಬರಾಕಿಲ್ವಲ್ಲಾ ಅಮ್ಮಾವ್ರೇ" ಎಂದ. ಜೆರಾಕ್ಸ್ ಮಾಡಿಸಲು ಹೋಗಲಿಲ್ಲ. ಅಲ್ಲೇ ನಿಂತು ಕುಮಾರನ ಫೋನಿನಲ್ಲಿ ನಂಜನಗೂಡಿನವರಿಗೆ ಹೇಳಿದೆ: ಶುಕ್ರವಾರ ಒಳಗಿನಿಂದ ಕೂಗಿದವರು ಕೂಲಿಯವರಲ್ಲ, ಕುಡಿದಿರಲೂ ಇಲ್ಲ, ಅವರು ಈ ಮನೆಯ ಯಜಮಾನರು, ಅವರಿಗೆ ಮರೆವು, ಕೂಡಿಹಾಕಿದವಳು ನಾನು. ಅವರು ಆಮೇಲೆ ಮಾತಾಡುತ್ತೇವೆ ಎಂದು ಇಟ್ಟುಬಿಟ್ಟರು. ಆಮೇಲೆ ಜನರನ್ನೆಲ್ಲ ಕೆಳಗೆ ನಿಲ್ಲಿಸಿ ಬೆಳ್ಳಯ್ಯನ ಹಿಂದೆ ಇಲ್ಲಿಗೆ ಹತ್ತಿದೆ. ಈ ಒಂದೇ ಪ್ರತಿಯನ್ನು ದೊಡ್ಡಿಯ ದಾರಿಯ ಮರಕ್ಕೆ ಅವನು ಕಟ್ಟುತ್ತಾನೆ, ನೀವು ಮೇಷ್ಟ್ರಾಗಿ ಬಂದರೆ ಇರಲಿ ಅಂತ. ಇಲಾಖೆಯವರ ಮೈಕು ಬೇಡ ಎಂದೆ, ನಿಮ್ಮ ಅವ್ವನ ಹತ್ತಿರ ಮೈಕು ಇರಲಿಲ್ಲ. ಸೆರಗು ಸೊಂಟಕ್ಕೆ ಬಿಗಿದು, ಕೆಳಗೆ ನಿಂತಿದ್ದ ಶಿವಮಲ್ಲಪ್ಪನಿಗೂ ಇಡೀ ಊರಿಗೂ ಕೇಳುವ ಹಾಗೆ ಕೂಗಿದೆ: "ಲೋ ಕೆಂಪನಂಜಾ! ಕರ ಮನ್ಗೆ ಬಂದದೆ ಕಣ್ಲಾ! ಬಿಸಿ ಇಟ್ಟು ಆರೋಯ್ತದೆ, ನೀನೂ ಬಾರ್ಲಾ ಮಗಾ!"